ಹುಣಸೆ ಬೀಜದ ಡಬ್ಬಿ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಒಂದು ಶನಿವಾರ, ಬೆಳಿಗ್ಗೆ ಆರೂವರೆ. ಮಳವಳ್ಳಿಗೆ ಹತ್ತಿರದ ನಮ್ಮ ಮಿಷನ್ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದವರು ನರ್ಸಾದ ನಾನು, ಕಾಂಪೌಂಡರು, ಮತ್ತು ಆಗಷ್ಟೇ ಉಸಿರು ನಿಂತಿದ್ದ ಆಯಾ. ಅವಳ ಎಡಗಿವಿಯ ಹಾಲೆ ಹಿಂದೆಂದೋ ಹರಿದು ಎರಡಾಗಿತ್ತು. ಬಲಗಿವಿಯ ತೂತಿನಲ್ಲಿ ಎಂದಿನಂತೆ ಒಂದು ಪೊರಕೆಕಡ್ಡಿ. ಅದನ್ನು ತೆಗೆ ಎಂದು ಒಂಬತ್ತು ವರ್ಷ ಹೇಳಿದ್ದೆ. ಕೊನೆಗೆ ನಾನೇ ತೆಗೆದೆ.

ಅವಳನ್ನು ಕಂಡರೆ ನನಗೆ ತಾತ್ಸಾರ. ಮುಚ್ಚಿಡುವುದಿಲ್ಲ. ಗಂಟೆ ಹೊಡೆದ ಕಾಲುಗಂಟೆಗೆ ಬರುವವಳು. ಫಿನಾಯಿಲು ಬೆರೆಸುವ ಬಕೆಟ್ಟಿನಲ್ಲೇ ಕಾಲು ತೊಳೆಯುವವಳು. ಪ್ರಾರ್ಥನೆಗೆ ನಿಂತರೆ ಬಾಯಿಬಿಟ್ಟು ಆಕಳಿಸುವವಳು. ಎಲ್ಲಕ್ಕಿಂತ ಸಹಿಸಲಾಗದ್ದು ಅವಳ ತುಕ್ಕುಹಿಡಿದ ಬಿಸ್ಕತ್ತಿನ ಡಬ್ಬಿ. ಅದರ ತುಂಬ ಹುಣಸೆ ಬೀಜ. ದೇವರು ಕೈಬಿಡದ ದಿನ ಒಂದೊಂದಕ್ಕೂ ಒಂದು ಬೀಜವಂತೆ. ಮಧ್ಯಾಹ್ನ ಉಂಡಮೇಲೆ ಜಗಲಿಯಲ್ಲಿ ಅವನ್ನು ಹರವಿಕೊಂಡು ರೋಗಿಗಳಿಗೆ ಹೇಳುತ್ತಿದ್ದಳು: ಇದು ಹೊಳೆ ಏರಿ ಬಂದಾಗಿನದು, ಇದು ಗಂಡ ಓಲೆ ಕಿತ್ತುಕೊಂಡು ಮನೆಯಿಂದ ಅಟ್ಟಿದಾಗಿನದು, ಇದು ಪ್ಲೇಗಿನ ವರ್ಷ ಊರಾಚೆ ಗುಡಿಸಲಿನಲ್ಲಿ ಎರಡು ಮಕ್ಕಳು ಹೋದಾಗಿನದು.

"ಮಕ್ಕಳು ಹೋದದ್ದಕ್ಕೂ ಬೀಜವೇನೆ? ಬುದ್ಧಿ ಎಲ್ಲಿಟ್ಟಿದ್ದೀಯ?" ಎಂದೆ ಒಮ್ಮೆ.

"ಮಕ್ಳು ಓಗಿದ್ದುಕ್ಕಲ್ಲ ಕಣಮ್ಮ. ಆ ಗುಡ್ಲಲ್ಲಿ ನಾನೊಬ್ಳೇ ಇರ್ನಿಲ್ಲ, ಅದ್ಕೆ."

"ಇನ್ನಾರಿದ್ದರು?"

"ನೀವು ದಿನಾ ಬೆಳಿಗ್ಗೆ ಬುಕ್ಕು ಇಡ್ಕಂಡು ಓದ್ತೀರಲ್ಲ, ಅವ್ನೇಯ. ಗುರ್ತು ಸಿಗ್ನಿಲ್ವ?"

ರೋಗಿಗಳು ನಕ್ಕರು. ಎರಡು ದಿನ ಅವಳಿಗೆ ಕಕ್ಕಸಿನ ಕೆಲಸವನ್ನೇ ಹಾಕಿದೆ.

ಯುದ್ಧದ ನಡುವೆ ನನ್ನ ಆರು ವರ್ಷದ ಮಗಳಿಗೆ ವಿಷಮಜ್ವರ ಬಂತು. ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ ಬರೆದೆ. ಒಂದು ಹೊತ್ತೂ ತಪ್ಪಿಸಲಿಲ್ಲ. ಹದಿನೆಂಟನೆಯ ದಿನ, ಬೇರೆ ಯಾರೂ ಸಿಗದೆ, ಆ ಮೂಢಳನ್ನೇ ಕೇಳಿದೆ. "ಅಷ್ಟು ಬೀಜ ಇಟ್ಟಿದ್ದೀಯಲ್ಲ, ಉಳೀತಾಳೆ ಅಂತ ಹೇಳೆ."

"ಅದ ನಾನೆಂಗೆ ಯೋಳ್ಲಿ, ನರ್ಸಮ್ಮ? ಅವತ್ತು ಇದ್ದೋನು ಇವತ್ತೂ ಅವ್ನೆ. ನಂಗೊತ್ತಿರಾದು ಅಷ್ಟೇಯ."

ಒಂದು ಸುಳ್ಳು ಸಮಾಧಾನ ಹೇಳಲೂ ಬಾರದ ಹೆಂಗಸು ಎಂದು ಮುಖ ತಿರುಗಿಸಿದೆ.

ಮಗಳು ಉಳಿಯಲಿಲ್ಲ. ಮಣ್ಣುಮಾಡಿ ಬಂದ ಸಂಜೆ ಆಯಾ ಹಿತ್ತಲಲ್ಲಿ ಮಗುವಿನ ಹಾಸಿಗೆಬಟ್ಟೆ ಕುದಿಸುತ್ತಿದ್ದಳು. ನಾನು ಅವಳ ಡಬ್ಬಿ ತಂದು ಅಷ್ಟೂ ಬೀಜವನ್ನು ಒಲೆಗೆ ಸುರಿದೆ. ಚಟಚಟನೆ ಸಿಡಿದವು. ಅವಳು ಖಾಲಿ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಬೀಜ ನನ್ನ ನೆಪ್ಪಿಗೆ ಮಡಗಿದ್ದು ಕಣಮ್ಮ. ಅವನ್ಗೆ ಬೇಕಾಗಿಲ್ಲ. ಏಳಿ, ಸೀರೆ ಬದಲಾಯ್ಸಿ."

ಅಂದಿನಿಂದ ನಲವತ್ತು ದಿನ ನನ್ನ ಕೋಣೆಯ ಬಾಗಿಲಿಗೆ ಅಡ್ಡ ಮಲಗಿದಳು. ಹೋಗು ಎಂದು ಬೈದರೂ ಹೋಗಲಿಲ್ಲ. ಮೇಲೆ ಗೊರಕೆ ಬೇರೆ.

ಆ ಶನಿವಾರ ಅವಳನ್ನು ತೊಳೆದು, ಬಟ್ಟೆ ಉಡಿಸಿ, ಮೂರು ಗಂಟೆಗೆ ಮಣ್ಣುಮಾಡಿ ಬಂದೆವು. ನೆಲಕ್ಕೆ ಫಿನಾಯಿಲು ಹಾಕಿಸಿದೆ, ಶುದ್ಧ ಬಕೆಟ್ಟಿನಲ್ಲಿ. ಅವಳ ಗಂಟು ಬಿಚ್ಚಿದರೆ ಎರಡು ಸೀರೆ, ಅದೇ ಡಬ್ಬಿ. ಒಳಗೆ ಮತ್ತೆ ಬೀಜಗಳು. ಯಾವುದು ಯಾವ ದಿನದ್ದೆಂದು ಹೇಳಲು ಅವಳಿರಲಿಲ್ಲ.

ಅಡುಗೆಮನೆಗೆ ಹೋಗಿ ಹುಣಸೆಹಣ್ಣಿನಿಂದ ಒಂದು ಬೀಜ ಬಿಡಿಸಿದೆ. ಆ ನಲವತ್ತು ದಿನ ನಾನೂ ಒಬ್ಬಳೇ ಇರಲಿಲ್ಲ. ಬೀಜವನ್ನು ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಔಷಧದ ಬೀರುವಿನಲ್ಲಿಟ್ಟು ಬೀಗ ಹಾಕಿದೆ.