ಹಂಗೇರಿಗೆ ಕಳಿಸಿದ ಕರದಂಟು

ಮಗ ಹಂಗೇರಿ ದೇಶದ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿಗೆ ಹೋಗುತ್ತಾನೆ ಎಂದು ಹೇಳಿದಾಗ ಬೆಳಗಾವಿಯಿಂದ ನನ್ನ ಅತ್ತೆ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ: "ಎರಡನೇದ್ಯಾಕ? ಮೊದಲನೇದ್ರಾಗ ಸೀಟ್ ಸಿಗಲಿಲ್ಲೇನು?"

ಅವರನ್ನು ಅಂದು ಏನು ಪ್ರಯೋಜನ, ಮೆಲ್ಬರ್ನಿನ ನಮ್ಮ ಗ್ಲೆನ್ ವೇವರ್ಲಿಯಲ್ಲೂ ಎಲ್ಲರೂ ಅದನ್ನೇ ಕೇಳಿದರು. ಈ ಸಬರ್ಬಿಗೆ ಜನ ಬರುವುದೇ ಸ್ಕೂಲಿಗಾಗಿ. ಕುತ್ತಿಗೆಮಟ್ಟ ಮನೆಸಾಲ ಮಾಡಿಕೊಂಡು, ಮಕ್ಕಳನ್ನು ಟ್ಯೂಷನ್ನಿಂದ ಟ್ಯೂಷನ್ನಿಗೆ ಕಾರಿನಲ್ಲಿ ಸಾಗಿಸುತ್ತ, ಡಾಕ್ಟರೋ ಡೆಂಟಿಸ್ಟೋ ಮಾಡಿಯೇ ತೀರುತ್ತಾರೆ. ಅಂಥಲ್ಲಿ ನನ್ನ ಮಗ ಹನ್ನೆರಡನೇ ಕ್ಲಾಸಿನಲ್ಲಿ ಒಳ್ಳೆಯ ಸ್ಕೋರ್ ತೆಗೆದು, ಸಿಕ್ಕ ಇಂಜಿನಿಯರಿಂಗ್ ಸೀಟನ್ನು ಅರ್ಧ ವರ್ಷ ಮುಂದಕ್ಕೆ ಹಾಕಿಸಿ, ಬೂಟು ಚೀಲಕ್ಕೆ ತುಂಬಿಕೊಂಡು ಹೊರಟಿದ್ದ. ಹೊಟ್ಟೆಯಲ್ಲಿ ಕಿಚ್ಚಿದ್ದವರು ನಕ್ಕರು, ಪ್ರೀತಿ ಇದ್ದವರು ಅತ್ತರು. ನಾನು ಇಬ್ಬರ ಮೇಲೂ ಸಿಟ್ಟಾದೆ.

ಇದಕ್ಕೆಲ್ಲ ಮೂಲ ಅವನ ಕೋಚ್. ಮಗ ಚಿಕ್ಕಂದಿನಿಂದ ಆಡುತ್ತಿದ್ದ ಇಲ್ಲಿಯ ಕ್ಲಬ್ಬನ್ನು ಐವತ್ತು ವರ್ಷದ ಹಿಂದೆ ಇಲ್ಲಿಗೆ ಬಂದ ಹಂಗೇರಿಯನ್ನರು ಕಟ್ಟಿದ್ದರು. ಮುದುಕನಾದ ಈ ಕೋಚ್ ಆ ಕ್ಲಬ್ಬಿನಲ್ಲೇ ಬೆಳೆದವನು. ಅವನ ಹುಟ್ಟೂರಿನ ಕ್ಲಬ್ಬು ಹಂಗೇರಿಯ ಎರಡನೇ ದರ್ಜೆಯಲ್ಲಿತ್ತು; ಅಲ್ಲಿಗೆ ಫೋನ್ ಮಾಡಿ, ಹುಡುಗನನ್ನು ಅರ್ಧ ಸೀಸನ್ ಪರೀಕ್ಷಿಸಿ ನೋಡಿ ಎಂದು ಒಪ್ಪಿಸಿಬಿಟ್ಟ. ಆಗ ಆ ದರ್ಜೆ ಪೂರ್ವ, ಪಶ್ಚಿಮ ಎಂದು ಎರಡು ಗುಂಪು. ಗೆದ್ದವರು ಮೇಲಿನ ಲೀಗಿಗೆ ಏರಬೇಕು, ತಳದಲ್ಲಿದ್ದವರು ಮೂರನೆಯದಕ್ಕೆ ಜಾರಬೇಕು. ಹೆಚ್ಚಿನವು ಸಣ್ಣ ಊರಿನ ಕ್ಲಬ್ಬುಗಳು: ಒಂದು ಕಾಲಕ್ಕೆ ರೈಲ್ವೆಯವರು, ಗಣಿಯವರು, ಗಿರಣಿಯವರು ಕಟ್ಟಿದವು. ನಮ್ಮವನದು ಸಕ್ಕರೆ ಕಾರ್ಖಾನೆಯವರ ಕ್ಲಬ್ಬು. ಅಲ್ಲಿ ಬೀಟ್ರೂಟಿನಂಥ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆಂದು ಕೇಳಿ, ಕಬ್ಬಿನ ನಾಡಿನವಳಾದ ನನಗೆ ಆ ಊರಿನ ಮೇಲೆ ಸ್ವಲ್ಪ ಕನಿಕರವೂ ಹುಟ್ಟಿತು.

ನನ್ನ ಗಂಡ ಹೆಚ್ಚು ಮಾತಾಡುವ ಮನುಷ್ಯನಲ್ಲ. ಏರ್‌ಪೋರ್ಟಿನಲ್ಲಿ ಮಗನ ಹೆಗಲ ಮೇಲೆ ಕೈ ಇಟ್ಟು ಹೇಳಿದರು: "ಜೂನ್ ಮುಗಿಯೋದ್ರಾಗ ಒಂದ ಒಂದು ಲೀಗ್ ಮ್ಯಾಚಿನ್ಯಾಗ ನೀ ಗ್ರೌಂಡಿಗೆ ಇಳೀಬೇಕು. ಐದ್ ನಿಮಿಷ ಆದ್ರೂ ನಡೀತೈತಿ. ಇಲ್ಲಂದ್ರ ಜುಲೈದಾಗ ಕಾಲೇಜು."

"ಡೀಲ್," ಎಂದ ಮಗ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಕ್ಲಬ್ಬಿನವರ ಮಾತೂ ಅದೇ ಆಗಿತ್ತು. ಸೀಸನ್ ಮುಗಿಯುವುದರೊಳಗೆ ಆಡಿ ತೋರಿಸಿದರೆ ಕಾಂಟ್ರ್ಯಾಕ್ಟ್, ಇಲ್ಲವಾದರೆ ಕೈ ಕುಲುಕಿ ಟಾಟಾ.

ಅವನನ್ನು ಮೈದಾನದ ಹತ್ತಿರ ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಇಟ್ಟರು. ಪರ ಊರಿನ ಆಟಗಾರರಿಗೆ ಕೋಣೆ, ಊಟ ಕೊಡುವುದು ಆಕೆಯ ರೂಢಿ. ಮಗ ಆಕೆಯನ್ನು "ನೇನಿ" ಎನ್ನುತ್ತಿದ್ದ, ನಾವು ಆಂಟಿ ಎನ್ನುವ ಹಾಗೆ. ಫೋನ್ ಮಾಡಿದರೆ ಮೊದಲು ಆಕೆಯೇ ಎತ್ತಿ, "ಯೋ ನಾಪೋತ್" ಅನ್ನುವಳು; ಯೋ ಎಂದರೆ ಒಳ್ಳೇದು, ಒಳ್ಳೇ ದಿನ ಎಂದರ್ಥವಂತೆ. ನಾನು, "ನಮಸ್ಕಾರ್ರೀ" ಅನ್ನುವೆ. ಅಲ್ಲಿಗೆ ನಮ್ಮಿಬ್ಬರ ಭಾಷೆ ಮುಗಿಯಿತು. ಆಕೆ ಮಗನನ್ನು ಕೂಗುವಳು.

ಅವನು ಹೇಳುವ ಸುದ್ದಿ ಕೇಳಲು ನಾನು ವಾರವಿಡೀ ಕಾಯುತ್ತಿದ್ದೆ. ಗೋಲ್‌ಕೀಪರ್ ಹಗಲು ಹೊತ್ತು ಅಗ್ನಿಶಾಮಕ ದಳದ ಬಂಡಿ ಓಡಿಸುತ್ತಾನಂತೆ. ಡಿಫೆಂಡರ್ ಒಬ್ಬ ಶಾಲೆಯ ಮಾಸ್ತರನಂತೆ. ಅವನು ಪಾಸ್ ತಪ್ಪಿದರೆ ಅವನ ವಿದ್ಯಾರ್ಥಿಗಳೇ ಗ್ಯಾಲರಿಯಿಂದ ಬೈಯುತ್ತಾರಂತೆ. ನೋಡಲು ಬಂದ ಮುದುಕರೆಲ್ಲ ಸೂರ್ಯಕಾಂತಿ ಬೀಜ ಕಚ್ಚಿ ಕಚ್ಚಿ ಸಿಪ್ಪೆ ಉಗುಳಿ, ಆಟ ಮುಗಿಯುವ ಹೊತ್ತಿಗೆ ಮೆಟ್ಟಿಲುಗಳೇ ಕಾಣುವುದಿಲ್ಲವಂತೆ. ನಮ್ಮ ಕಡೆ ಸೂರ್ಯಪಾನ ಅಂತ ಎಣ್ಣೆಗೆ ಬೆಳೆಯುವುದನ್ನು ಅವರು ಹೀಗೆ ಖರ್ಚು ಮಾಡುತ್ತಾರೆ. ಎಲ್ಲ ಹೇಳುವನು, ಆಡಿದೆ ಎಂದು ಮಾತ್ರ ಹೇಳನು. ಬೆಂಚಿನಲ್ಲಿ ಕೂಡ ಜಾಗ ಇರಲಿಲ್ಲ. ಆ ಬೀಜ ಕಚ್ಚುವವರ ನಡುವೆ ಕುಳಿತು ನೋಡುತ್ತಿದ್ದ.

ಮಾರ್ಚಿನಲ್ಲಿ ಒಂದು ದಿನ ಕಾರಣ ಬಾಯಿಬಿಟ್ಟ. ಅಲ್ಲಿಯ ಕೋಚ್ ಹೇಳಿದ್ದನಂತೆ: ನಿನ್ನ ಕಾಲು ಚೆನ್ನಾಗಿದೆ, ಆದರೆ ಮೈಯಲ್ಲಿ ಬಲವಿಲ್ಲ, ಯಾರಾದರೂ ಭುಜ ತಾಗಿಸಿದರೆ ಬೀಳುತ್ತೀ. ಮಾಂಸ ತಿನ್ನು, ಆಮೇಲೆ ನೋಡೋಣ.

ನಮ್ಮ ಮನೆ ಎಂಥದು ಎಂದರೆ, ಬರ್ತ್‌ಡೇ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಅಂಗಡಿಯವನನ್ನು ಮೂರು ಸಲ ಕೇಳಿ ತರುವ ಮನೆ. ಹೋಗುವಾಗ ಅವನು ನನ್ನ ಕೈ ಹಿಡಿದು, ವೆಜಿಟೇರಿಯನ್ ಆಗಿಯೇ ಇರುತ್ತೇನೆ ಎಂದಿದ್ದ. ಅಲ್ಲಿಯೂ ಹಾಗೇ ನಡೆಸಿದ್ದ. ಗಸಗಸೆ, ಸಕ್ಕರೆ ಉದುರಿಸಿದ ನೂಡಲ್ಸು, ಪನೀರಿನಂಥ ಮೊಸರುಗಿಣ್ಣು ಹಾಕಿದ ನೂಡಲ್ಸು, ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಣ್ಣ ಮಾತ್ರ ಕೊಡುವ ಒಂದು ಪುಡಿ ಹಾಕಿದ ಆಲೂಗಡ್ಡೆ.

ನನಗೆ ನೆತ್ತಿಗೇರಿತು. "ಆ ಕೋಚಿಗೆ ಫೋನ್ ಕೊಡು," ಎಂದೆ.

"ಮಮ್ಮಿ, ಪ್ಲೀಸ್."

"ನಿನ್ನ ಸೋದರಮಾವ ಗರಡಿಯೊಳಗ ಬೆಳದವ. ಹಾಲು, ತುಪ್ಪ, ಕರದಂಟು ತಿಂದು ಕೊಲ್ಹಾಪುರದ ಪೈಲ್ವಾನರನ್ನ ಎತ್ತಿ ಒಗದಾನ. ಅವಂಗ ಯಾರರ ಕುರಿ ತಿನ್ಸಿದ್ರೇನು?"

"ಮಮ್ಮಿ, ದಿಸ್ ಇಸ್ ಫುಟ್‌ಬಾಲ್."

"ಬಲ ಬಲಾನ. ನಾ ಕಳಸ್ತೀನಿ, ತಿನ್ನು."

ಅದೇ ವಾರ ಕರದಂಟಿಗೆ ಕೂತೆ. ಅಂಟು ಗೋಕಾಕದಿಂದ ತಂದದ್ದು ಡಬ್ಬಿಯಲ್ಲಿತ್ತು. ತುಪ್ಪದಲ್ಲಿ ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಹಾಕಿ, ಬೆಲ್ಲದ ಪಾಕಕ್ಕೆ ಇಳಿಸಿ ತಟ್ಟಿದೆ. ಮನೆ ತುಂಬ ಬಾಣಂತಿ ಮನೆಯ ವಾಸನೆ. ಜೊತೆಗೆ ಶೇಂಗಾ ಹಿಂಡಿ. ಗಂಡ ಪಾರ್ಸೆಲ್ಲಿಗೆ ಟೇಪ್ ಸುತ್ತುತ್ತ, "ಅಲ್ಲಿ ಅವ ಏನ್ ತಿಂತಾನು ಏನ್ ಬಿಡ್ತಾನು, ಅವಂಗ ಬಿಡು," ಎಂದರು.

"ನಿಮಗ ಗೊತ್ತಿಲ್ಲದ್ರಾಗ ಬಾಯಿ ಹಾಕಬ್ಯಾಡ್ರಿ," ಎಂದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಮೊದಲರ್ಧ ಬರುತ್ತದೆ, ಎರಡನೆಯದು ಬಂದಿಲ್ಲ.

ಮತ್ತೆ ಮತ್ತೆ ಕಳಿಸಿದೆ. ಏಪ್ರಿಲ್ ಕೊನೆಗೆ ಫೋಟೋ ಕಳಿಸಿದ ನೋಡಿ, ಹುಡುಗನ ಹೆಗಲು ಅಗಲವಾಗಿತ್ತು, ಕತ್ತು ದಪ್ಪವಾಗಿತ್ತು. ಅದರ ಮುಂದಿನ ವಾರವೇ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ನಾನು ಸುಮ್ಮನಿರುವ ಹೆಣ್ಣೇ? ಕನ್ನಡ ಕೂಟದ ಊಟದಲ್ಲಿ ಫೋಟೋ ತೋರಿಸಿ ಎಲ್ಲರಿಗೂ ಭಾಷಣ ಮಾಡಿದೆ. ಧಾರವಾಡದವರೊಬ್ಬರು ಮಗಳ ಈಜಿನ ಸ್ಪರ್ಧೆಗೆ ಕರದಂಟು ಕಟ್ಟಿಸಿಕೊಂಡು ಹೋದರು. ಬೆಂಗಳೂರಿನ ಆಂಟಿಯೊಬ್ಬರು ಮ್ಯಾತ್ಸ್ ಪರೀಕ್ಷೆಗೂ ನಡೆಯುತ್ತದಾ ಎಂದು ಕೇಳಿದರು. ನಡೀತದ ಎಂದೆ.

ಆದರೆ ಬೆಂಚು ಬೆಂಚೇ. ಮೇ ತಿಂಗಳಿಡೀ ಅವನು ಜಾಕೆಟ್ಟು ಬಿಚ್ಚಲಿಲ್ಲ. ಕ್ಲಬ್ಬು ಪಟ್ಟಿಯ ನಡುವಿನಲ್ಲಿತ್ತು, ಏರುವಂತಿಲ್ಲ, ಬೀಳುವ ಭಯವೂ ಇಲ್ಲ. ಆದರೂ ಆ ಕೋಚ್ ಹೊಸಬನನ್ನು ಇಳಿಸಲು ಮನಸ್ಸು ಮಾಡಲಿಲ್ಲ. ನೋಡನೋಡುತ್ತ ಜೂನ್ ಬಂತು, ಉಳಿದದ್ದು ಒಂದೇ ಮ್ಯಾಚು. ಕಾಲೇಜಿನಿಂದ ಜುಲೈ ಕ್ಲಾಸುಗಳ ಇಮೇಲ್ ಕೂಡ ಬಂದಿತ್ತು. ಗಂಡ ಅದನ್ನು ಪ್ರಿಂಟ್ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಅಲ್ಲಿ ಆದಿತ್ಯವಾರ ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾಚು. ಇಲ್ಲಿ ನಮಗೆ ಸಂಜೆ ಏಳು. ಹೊರಗೆ ಮೆಲ್ಬರ್ನಿನ ಚಳಿ, ಒಳಗೆ ಹೀಟರು, ಗಿರ್ಮಿಟ್ಟು, ಮಿರ್ಚಿ ಭಜಿ, ತಟ್ಟೆ ತುಂಬ ಕರದಂಟು. ಧಾರವಾಡದವರ ಮನೆಯವರೆಲ್ಲ ಬಂದಿದ್ದರು. ಸಿಡ್ನಿಯ ಎಪ್ಪಿಂಗಿನಿಂದ ತಂಗಿ, ನನ್ನ ಗಂಡನ ಮೊಬೈಲಿನ ಸ್ಪೀಕರಿನಲ್ಲಿ ಹಾಜರು. ನೋಡಲು ಟಿವಿ ಇಲ್ಲ, ರೇಡಿಯೊ ಇಲ್ಲ. ಹಂಗೇರಿಯನ್ ಭಾಷೆಯ ಒಂದು ವೆಬ್ ಪುಟ. ಅದರಲ್ಲಿ ನಿಮಿಷಕ್ಕೊಂದು ಸಾಲು. ನಮಗೆ ಬರುತ್ತಿದ್ದುದು ಎರಡೇ ಪದ: ಗೋಲ್ ಎಂದರೆ ಗೋಲು, ಚೆರೆ ಎಂದರೆ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಇಳಿಸುವುದು. ಮಗ ಹೇಳಿಕೊಟ್ಟಿದ್ದ. ತಂಗಿಯ ಇಂಟರ್ನೆಟ್ಟು ಜೋರು, ನಮ್ಮದು ಎತ್ತಿನ ಗಾಡಿ. ಆದ್ದರಿಂದ ಸುದ್ದಿ ಮೊದಲು ಸಿಡ್ನಿಗೆ ಹೋಗಿ ಆಮೇಲೆ ಮೆಲ್ಬರ್ನಿಗೆ ಬರುತ್ತಿತ್ತು.

ಮೊದಲರ್ಧದಲ್ಲೇ ನಮ್ಮವರು ಒಂದು ಗೋಲು ಬಿಟ್ಟುಕೊಟ್ಟರು. ಸೋಲುತ್ತಿರುವಾಗ ಯಾವ ಕೋಚ್ ಹೊಸಬನನ್ನು ಇಳಿಸುತ್ತಾನೆ? ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ವಾಪಸ್ ಇಟ್ಟೆ. ಎರಡನೇ ಅರ್ಧದಲ್ಲಿ ಮೊದಲ ಚೆರೆ ಬಂತು, ಬೇರೆ ಯಾರದೋ ಹೆಸರು. ಎರಡನೇ ಚೆರೆ ಬಂತು, ಮತ್ತೆ ಬೇರೆ ಹೆಸರು. ಇಳಿಸಲು ಬರುವುದು ಮೂವರನ್ನೇ. ಧಾರವಾಡದವರು ಬಾಯಿಗಿಟ್ಟ ಭಜಿಯನ್ನು ಕಚ್ಚದೆ ಕೂತರು. ಅಷ್ಟರಲ್ಲಿ ನಮ್ಮವರು ಸಮ ಮಾಡಿದರು. ನಾನು ಎದ್ದು ನಿಂತೆ, ಆಮೇಲೆ ಕೂರಲಿಲ್ಲ.

"ಅಕ್ಕಾ, ಬಂದ," ಎಂದಿತು ಮೊಬೈಲು.

"ಸುಳ್ಳ ಹೇಳಬ್ಯಾಡ, ಸಾಯ್ಸ್ತೀನಿ ನೋಡು." ತಂಗಿ ಚಿಕ್ಕಂದಿನಿಂದಲೂ ಚೇಷ್ಟೆಯವಳು, ಅಂದೇ ಎರಡು ಸಲ ಹೀಗೆ ಹೇಳಿ ನಕ್ಕಿದ್ದಳು.

"ದೇವರಾಣಿ ಅಕ್ಕಾ. ಚೆರೆ ಅಂತೈತಿ, ನಮ್ಮ ಕೂಸಿನ ಹೆಸರು ಐತಿ. ಅರ್ಧ ತಪ್ಪು ಬರದಾರ, ಆದ್ರ ಅದ ಹೆಸರು."

ನಮ್ಮ ಪರದೆ ಇನ್ನೂ ಹಳೆಯ ಸಾಲನ್ನೇ ಹಿಡಿದು ಕೂತಿತ್ತು. ಗಂಡ ಬಟನ್ ಒತ್ತಿದರು, ಒತ್ತಿದರು. ಪುಟ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯಿತು, ಅದರಲ್ಲಿ ನಮ್ಮ ಮನೆತನದ ಹೆಸರು. ಧಾರವಾಡ, ಬೆಳಗಾವಿ ದಾಟಿ ಎಂದೂ ಯಾರೂ ಕೇಳಿರದ ಹೆಸರು ಹಂಗೇರಿಯ ಸಕ್ಕರೆ ಊರಿನ ಮೈದಾನಕ್ಕೆ ಇಳಿದಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಚೀನೀ ಅಜ್ಜ ಬಾಗಿಲು ತಟ್ಟಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದರು. ಅವರ ಕೈಗೂ ಕರದಂಟು ಇಟ್ಟೆ.

ಸ್ವಲ್ಪ ಹೊತ್ತಿಗೆ ಮಗನ ಹೆಸರಿನ ಜೊತೆ ಇನ್ನೊಂದು ಉದ್ದ ಸಾಲು ಬಂತು. ಏನೋ ದೊಡ್ಡದು ಮಾಡಿದನೆಂದು ಎಲ್ಲರೂ ಚಪ್ಪಾಳೆ ಹೊಡೆದರು. ಹಳದಿ ಕಾರ್ಡಂತೆ, ಎದುರಾಳಿಯನ್ನು ಭುಜದಿಂದ ಕೆಡವಿದ್ದನಂತೆ. ಅದು ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೂ ನನಗೆ ಹೆಮ್ಮೆಯೇ ಆಯಿತು, ಬೀಳುತ್ತಿದ್ದವನು ಬೀಳಿಸಿದ್ದ.

ಆಟ ಸಮದಲ್ಲಿ ಮುಗಿಯಿತು. ಯಾರೂ ಮನೆಗೆ ಹೋಗಲಿಲ್ಲ, ಮಗನ ಫೋನಿಗೆ ಕಾದರು. ಮನೆಯ ಫೋನ್ ಬಡಿದಾಗ ನಾನೇ ಎತ್ತಿದೆ.

"ಮಮ್ಮಿ, ದೇ ಗೇವ್ ಮಿ ಟೂ ಇಯರ್ಸ್," ಎಂದ. ದನಿ ಒಡೆದಿತ್ತು.

ಎರಡು ವರ್ಷದ ಕಾಂಟ್ರ್ಯಾಕ್ಟ್. ಎಲ್ಲರಿಗೂ ಕೂಗಿ ಹೇಳಿದೆ. ಗಂಡ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅಷ್ಟರಲ್ಲಿ ಅತ್ತ ಏನೋ ಗದ್ದಲ. ನೇನಿ ನಿನ್ನ ಜೊತೆ ಮಾತಾಡಬೇಕಂತೆ ಎಂದು ಮಗ ಹೇಳುತ್ತಿರುವಾಗಲೇ ಆಕೆ ಫೋನು ಕಿತ್ತುಕೊಂಡಿದ್ದಳು. ನನಗೆ ಹೇಳಲೆಂದೇ ನಾಲ್ಕು ಇಂಗ್ಲಿಷ್ ಪದ ಕಲಿತು ಇಟ್ಟುಕೊಂಡಿದ್ದಳು ಅಂತ ಕಾಣುತ್ತದೆ.

"ಮಾಮಾ. ಗುಡ್ ಬಾಯ್. ಈಟ್ ಗುಡ್. ಎವ್ರಿ ಡೇ ಪೋರ್ಕ್. ಬಿಗ್ ಪ್ಲೇಟ್." ಹಿಂದಿನಿಂದ ಮಗ, "ನೇನಿ, ನೋ, ನೋ," ಎನ್ನುತ್ತಿದ್ದ. ಆಕೆ ನಿಲ್ಲಿಸಲಿಲ್ಲ. "ಮಾರ್ಚ್, ಲಿಟ್ಲ್ ಪ್ಲೇಟ್. ನೌ, ಬಿಗ್ ಪ್ಲೇಟ್."

ಎದುರಿಗೆ ಅಷ್ಟು ಜನ, ಎಲ್ಲರ ಕೈಯಲ್ಲೂ ಕರದಂಟು. ಸಿಟ್ಟು ಬಂತು, ಸುಳ್ಳಲ್ಲ. ಕೈ ಹಿಡಿದು ಕೊಟ್ಟ ಮಾತು, ಒಲೆಯ ಮುಂದೆ ನಾನು ನಿಂತ ಹೊತ್ತು, ಊರೆಲ್ಲ ಹೇಳಿಕೊಂಡು ಬಂದದ್ದು ಎಲ್ಲ ಒಟ್ಟಿಗೆ ಮೇಲೆ ಬಂತು. ಆದರೆ ಫೋನಿನಲ್ಲಿ ಆ ಹೆಂಗಸಿನ ದನಿ ಎಷ್ಟು ಸಂತೋಷದಲ್ಲಿತ್ತು ಎಂದರೆ! ನನ್ನ ಮಗನಿಗೆ ತಾನು ಹೊಟ್ಟೆ ತುಂಬ ಬಡಿಸಿದೆ ಎಂಬುದನ್ನು ಅವನ ತಾಯಿಗಲ್ಲದೆ ಇನ್ನಾರಿಗೆ ಹೇಳಬೇಕು ಆಕೆ? ಇನ್ನು ಎರಡು ವರ್ಷ ಅವನಿಗೆ ಬಡಿಸುವವಳೂ ಅವಳೇ, ನಾನಲ್ಲ.

"ಹಾಕ್ರಿ ಅಕ್ಕಾರ," ಎಂದೆ, ನಮ್ಮ ಮಾತಿನಲ್ಲೇ. "ಹೊಟ್ಟಿ ತುಂಬ ಹಾಕ್ರಿ. ನಾಚ್ಕೊಂಡು ಸಾಕಂತಾನ, ಕೇಳಬ್ಯಾಡ್ರಿ."

"ಯೋ, ಯೋ, ಮಾಮಾ," ಎಂದಳು ಆಕೆ.

ಆಮೇಲೆ ಮಗ ಫೋನಿಗೆ ಬಂದು, "ಮಮ್ಮಿ, ಆರ್ ಯೂ ಆಂಗ್ರಿ?" ಎಂದು ಮೆಲ್ಲಗೆ ಕೇಳಿದ. ಇಲ್ಲ, ನಾಳೆ ಮಾತಾಡೋಣ, ಹೋಗು, ನಿನ್ನ ಟೀಮಿನವರು ಕಾಯುತ್ತಿರಬೇಕು ಎಂದು ಫೋನಿಟ್ಟೆ.

"ಏನಂದ್ರು ಅವರು?" ಎಂದು ಧಾರವಾಡದವರು ಕೇಳಿದರು.

"ಮಗಾ ಛಲೋ ಉಣ್ತಾನಂತ."

"ಎಲ್ಲಾ ನಿಮ್ಮ ಕರದಂಟಿನ ಪುಣ್ಯ ನೋಡ್ರಿ."

ಗಂಡ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಟ್ಟೆ ಎತ್ತಿಕೊಂಡು, "ಇನ್ನೊಂದ್ ತುಂಡು ತಗೋರಿ," ಎಂದು ಎಲ್ಲರ ಮುಂದೆ ಹಿಡಿದೆ.