ಸೆವೆರಿನ್‌ನ ಬೂಟು, ಒನುಫ್ರಿಯ ಓಟು

ಬೂಟು ರಿಪೇರಿಯ ಒನುಫ್ರಿ ಕೊಸ್ತುರ್‌ಗೆ ಅಟ್ಟೆ ನೋಡಿದರೆ ಸಾಕು, ಅದನ್ನು ಮೆಟ್ಟಿದವನು ಏನು ಮಾಡುತ್ತಿದ್ದಾನೆಂದು ತಿಳಿಯುತ್ತಿತ್ತು. ವಿನಿಪೆಗ್‌ನ ನಾರ್ತ್ ಎಂಡ್‌ನಲ್ಲಿ, ಸೆಲ್ಕರ್ಕ್ ಅವೆನ್ಯೂದ ಅಂಗಡಿಯಲ್ಲಿ, ಆತ ಇಪ್ಪತ್ತೆರಡು ವರ್ಷಗಳಿಂದ ಜನರ ಕಾಲಡಿಯನ್ನೇ ನೋಡುತ್ತ ಕೂತಿದ್ದ.

1951ರ ಸೆಪ್ಟೆಂಬರಿನಲ್ಲಿ ಸೆವೆರಿನ್ ಹವ್ರಿಲಾ ತನ್ನ ಕಂದು ಬೂಟುಗಳನ್ನು ತಂದುಕೊಟ್ಟ. ಜುಲೈಯಲ್ಲಷ್ಟೇ ಹೊಸ ಅಟ್ಟೆ ಹಾಕಿಸಿದ್ದ ಬೂಟುಗಳು. ಎರಡೂ ತೂತಾಗಿದ್ದವು. ಬಲಗಾಲಿನ ಬೂಟಿನ ಮೂತಿ ಮರದ ಮೆಟ್ಟಿಲುಗಳಿಗೆ ತಾಗಿ ತಾಗಿ ಉಜ್ಜಿಹೋಗಿತ್ತು. ಒನುಫ್ರಿ ಅವನ್ನು ತಿರುಗಿಸಿ ನೋಡಿದ. ಜಲ್ಲಿ ಬೀದಿಗಳನ್ನೆಲ್ಲ ಸುತ್ತಿ, ಮನೆಮನೆಯ ಮೆಟ್ಟಿಲು ಹತ್ತಿದ ಕಾಲು ಇದು. ಸೆವೆರಿನ್ ನಗರಸಭೆಯ ಚುನಾವಣೆಗೆ ನಿಲ್ಲುತ್ತಾನೆ. ತನಗೊಂದು ಮಾತು ಹೇಳಿಲ್ಲ.

ಇಬ್ಬರೂ ಸಮುದ್ರದಾಚೆಯ ಒಂದೇ ಹಳ್ಳಿಯವರು, ಒಂದೇ ಹಡಗಿನಲ್ಲಿ ವಲಸೆ ಬಂದವರು. ಒನುಫ್ರಿಯ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ಧರ್ಮತಂದೆಯಾದವನು ಸೆವೆರಿನ್. ಅಂದಿನಿಂದ ಒಬ್ಬರನ್ನೊಬ್ಬರು, ಆ ನಂಟಿನ ಹೆಸರಿನಲ್ಲಿ, ‘ಕೂಮೆ’ ಎಂದೇ ಕರೆಯುತ್ತಿದ್ದರು. ಆದರೆ ಇಗರ್ಜಿಯ ಬಾಗಿಲಲ್ಲಿ ಪಾದ್ರಿ ಮೊದಲು ಕೈಕುಲುಕುತ್ತಿದ್ದುದು ಸೆವೆರಿನ್‌ಗೆ. ಇಂಗ್ಲಿಷಿನಲ್ಲಿ ತಮಾಷೆ ಮಾಡಿ ಇಂಗ್ಲಿಷರನ್ನೇ ನಗಿಸುವುದು ಸೆವೆರಿನ್‌ಗೆ ಮಾತ್ರ ಬರುತ್ತಿತ್ತು. ಒನುಫ್ರಿಯ ಹೆಂಡತಿ ಯವ್ದೋಖಾ ಮಾಡಿದ ಪೆರೊಹಿ ಕಡುಬನ್ನು ಹೊಗಳಿದಾಗ ಅವಳ ಮುಖ ಕೆಂಪೇರುತ್ತಿದ್ದುದೂ ಅವನೊಬ್ಬನ ಮಾತಿಗೆ. ಒನುಫ್ರಿ ಅದನ್ನು ಪ್ರತಿ ಭಾನುವಾರ ಗಮನಿಸುತ್ತಿದ್ದ.

ಬೂಟಿಗೆ ಅಟ್ಟೆ ಹಾಕಿಕೊಟ್ಟ. ಮರುದಿನ ತಾನೂ ನಾಮಪತ್ರ ಸಲ್ಲಿಸಿದ.

ಮನೆಮನೆ ಸುತ್ತಲಿಲ್ಲ. ಜನರೇ ಅಂಗಡಿಗೆ ಬರುತ್ತಾರಲ್ಲ ಎಂಬುದು ಅವನ ಲೆಕ್ಕ. ಆ ಊರಿನ ಮತಚೀಟಿಯಲ್ಲಿ ಹೆಸರುಗಳ ಮುಂದೆ ಇಷ್ಟವಾದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕು. ಒಂದನೆಯವನು ಎಲ್ಲರಿಗಿಂತ ಕಡಿಮೆ ಓಟು ಪಡೆದು ಹೊರಬಿದ್ದರೆ ಆ ಚೀಟಿ ಎರಡನೆಯವನಿಗೆ ಹೋಗುತ್ತದೆ. ಒನುಫ್ರಿ ಪ್ರತಿ ಗಿರಾಕಿಗೂ ಹೇಳಿದ್ದು ಒಂದೇ: ನನ್ನ ಹೆಸರಿಗೆ ಒಂದು ಬರಿ, ಪೆನ್ಸಿಲು ಕೆಳಗಿಡು. ಎರಡು ಬರೆದರೆ ತನಗೇನೂ ನಷ್ಟವಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಿಯಮಗಳನ್ನು ಮೂರು ಸಲ ಓದಿದ್ದ. ತಾನು ಗೆಲ್ಲುತ್ತೇನೆಂಬ ಭ್ರಮೆಯೂ ಅವನಿಗಿರಲಿಲ್ಲ. ಸೆವೆರಿನ್ ಗೆಲ್ಲಬಾರದು, ಅಷ್ಟೆ.

ಯವ್ದೋಖಾ ಒಪ್ಪಲಿಲ್ಲ. ಕೂಮ ಸೆವೆರಿನ್ ಗೆದ್ದರೆ ನಮ್ಮ ಬೀದಿಗೆ ಟಾರು ಹಾಕಿಸುತ್ತಾನಂತೆ ಎಂದಳು.

“ನಮ್ಮವನೊಬ್ಬ ಅಲ್ಲಿ ಕೂರಲಿ ಬಿಡು,” ಎಂದಳು.

“ನಮ್ಮವನು ಅಂದ್ರೆ ಯಾರೇ? ನಾನಾ, ಅವನಾ?”

ಅವಳು ಎಲೆಕೋಸು ಹೆಚ್ಚುವುದನ್ನು ನಿಲ್ಲಿಸದೆ, “ಮೊದಲು ನೀನು,” ಎಂದಳು. ಅಷ್ಟು ಅವನಿಗೆ ಸಾಕಾಯಿತು.

ಅಕ್ಟೋಬರಿನ ಕೊನೆಯಲ್ಲಿ ನಗರಸಭೆಯ ಕಟ್ಟಡದಲ್ಲಿ ಎಣಿಕೆ. ಅವರ ವಾರ್ಡಿನ ಮೂರು ಸ್ಥಾನಗಳಲ್ಲಿ ಎರಡು ಬೇಗ ತುಂಬಿದವು. ಮೂರನೆಯದಕ್ಕೆ ವಿಟ್ಲಿ ಎಂಬ ಜಮೀನು ದಲ್ಲಾಳಿ ಸೆವೆರಿನ್‌ಗಿಂತ ನಲವತ್ತೆಂಟು ಓಟು ಮುಂದಿದ್ದ. ಇನ್ನೂರ ಹದಿಮೂರು ಓಟು ಪಡೆದ ಒನುಫ್ರಿ ಕೊನೆಯವನು. ಗುಮಾಸ್ತ ಅವನ ಚೀಟಿಗಳ ಕಟ್ಟು ಬಿಚ್ಚಿ, ಅವನ ಕಣ್ಣೆದುರೇ ಹಂಚತೊಡಗಿದ.

ಎರಡು ಬರೆಯದ ಚೀಟಿಗಳು ಒಂದು ಡಬ್ಬಕ್ಕೆ ಬೀಳುತ್ತಿದ್ದವು. ಒಂದೊಂದು ಬಿದ್ದಾಗಲೂ ಒನುಫ್ರಿಗೆ ಸಮಾಧಾನ. ನಡುನಡುವೆ ಒಂದೊಂದು ಸೆವೆರಿನ್‌ನ ಮೇಜಿಗೆ ಹೋಗುತ್ತಿತ್ತು. ಅಂಗಡಿಯಲ್ಲಿ ತಲೆಯಾಡಿಸಿ ಹೋದವರು! ಹಾಗೆ ಹೋದ ಚೀಟಿಯೊಂದರಲ್ಲಿ, ಸೆವೆರಿನ್ ಹೆಸರಿನ ಮುಂದಿದ್ದ ಎರಡಕ್ಕೆ ಗಂಡು ಬಾತಿನ ಹಾಗೆ ಬಾಲ ಸುರುಳಿಯಾಗಿತ್ತು. ಆ ಬಾಲವನ್ನು ಅವನು ಮನೆಯಲ್ಲಿ ಯವ್ದೋಖಾ ಜಾಮ್ ಬಾಟಲಿಗಳಿಗೆ ಅಂಟಿಸಿದ ಚೀಟಿಗಳ ಮೇಲೆ ಹತ್ತು ವರ್ಷ ನೋಡಿದ್ದ.

ಡಬ್ಬಕ್ಕೆ ನೂರ ಮೂವತ್ತು, ವಿಟ್ಲಿಗೆ ಹದಿನಾಲ್ಕು, ಸೆವೆರಿನ್‌ಗೆ ಅರವತ್ತೊಂಬತ್ತು. ಸೆವೆರಿನ್ ಏಳು ಓಟಿನಿಂದ ಗೆದ್ದ. ಎಲ್ಲರೆದುರು ಒನುಫ್ರಿಯನ್ನು ತಬ್ಬಿಕೊಂಡು, ಕಣ್ಣೊದ್ದೆ ಮಾಡಿಕೊಂಡೇ ಹೇಳಿದ: “ಕೂಮೆ, ನಿನ್ನ ಜನ ಕೈಬಿಟ್ಟಿದ್ರೆ ನಾನು ಮುಳುಗಿಹೋಗ್ತಿದ್ದೆ.”

ಮನೆಗೆ ಬಂದ ಒನುಫ್ರಿ ಕೋಟನ್ನೂ ಬಿಚ್ಚದೆ ನಿಂತ.

“ಆ ಎರಡು ನಿಂದೇ ಅಲ್ವಾ?”

“ಒಂದೂ ನಂದೇ,” ಎಂದಳು ಯವ್ದೋಖಾ. “ಅದು ನಿನ್ನ ಹೆಸರಿನ ಮುಂದಿತ್ತು. ಅದನ್ಯಾಕೆ ನೋಡ್ಲಿಲ್ಲ?”

ಅವನು ನಿಜವಾಗಿಯೂ ನೋಡಿರಲಿಲ್ಲ.

ಮುಂದಿನ ವರ್ಷದ ಶರತ್ಕಾಲದಲ್ಲಿ ಸೆವೆರಿನ್ ಅದೇ ಬೂಟುಗಳನ್ನು ತಂದ, ಲೇಸು ಹಾಕುವ ತೂತೊಂದು ಕಿತ್ತುಹೋಗಿತ್ತೆಂದು. ಒನುಫ್ರಿ ತಿರುಗಿಸಿ ನೋಡಿದ. ತಾನು ಹಾಕಿದ ಅಟ್ಟೆ ಹೆಚ್ಚೇನೂ ಸವೆದಿರಲಿಲ್ಲ. ಒಂದು ವರ್ಷದಲ್ಲಿ ಅವನಿಗೆ ಅಷ್ಟು ಸಂತೋಷ ಆಗಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ತೋರಿಸಿದ, ಸಂಜೆ ಯವ್ದೋಖಾಳಿಗೂ.

“ನೋಡೇ, ಗೆದ್ದ ಮೇಲೆ ಕುರ್ಚಿ ಬಿಟ್ಟೇ ಎದ್ದಿಲ್ಲ.”

ಅವಳು ಬೂಟನ್ನು ನೋಡಲಿಲ್ಲ, ಕಿಟಕಿಯಾಚೆ ನೋಡಿದಳು.

“ಬೀದಿಗೆಲ್ಲ ಟಾರು ಬಿತ್ತಲ್ಲ. ಈಗ ಯಾರ ಬೂಟು ಸವೆಯುತ್ತೆ?”

ಆದರೂ ಒನುಫ್ರಿ ಆ ಬೂಟುಗಳನ್ನು ಇನ್ನೂ ಒಂದು ವಾರ, ಅಟ್ಟೆ ಬೀದಿಗೆ ಕಾಣುವ ಹಾಗೆ, ಅಂಗಡಿಯ ಗಾಜಿನ ಹಿಂದೆ ಇಟ್ಟಿದ್ದ.