ನೆಲನೆಲ್ಲಿಯ ರಸ ಮತ್ತು ನಮ್ಮಕ್ಕ

ನಮ್ಮಕ್ಕನನ್ನು ತುರ್ವಿಹಾಳಕ್ಕೆ ಕೊಟ್ಟಿದ್ದರು. ಎರಡು ಮಕ್ಕಳಾದ ಮೇಲೆ ಒಮ್ಮೆ ಜ್ವರಕ್ಕೆಂದು ರಕ್ತ ತೆಗೆಸಿದಾಗ ಅವಳಿಗೆ ಹೆಪಟೈಟಿಸ್ ಬಿ ಇರುವುದು ತಿಳಿಯಿತು. ಲಿವರ್ ಆಗಲೇ ಕೆಡತೊಡಗಿತ್ತು. ದಿನಕ್ಕೊಂದು ಗುಳಿಗೆ ನುಂಗಬೇಕು, ತಾನಾಗಿ ನಿಲ್ಲಿಸಬಾರದು, ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದರು ರಾಯಚೂರಿನ ಡಾಕ್ಟರು. ಮಕ್ಕಳ ಪರೀಕ್ಷೆ ಇಂದು ನಾಳೆ ಎಂದು ಮುಂದೆ ಹೋಯಿತು. ಅಂಟುರೋಗವೆಂಬ ಮಾತು ಮಾತ್ರ ಮನೆಯಲ್ಲಿ ಬೇಗ ಹರಡಿತು. ಅಕ್ಕನ ಅತ್ತೆ ಸೊಸೆಯ ತಾಟು, ಚರಿಗೆ ಬೇರೆ ಇಟ್ಟಳು. ಊಟದಿಂದ ಅದು ಅಂಟುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಒಂದು ವರ್ಷ ನನ್ನ ವಿದ್ಯಾರ್ಥಿನಿಯರು, ಹಳ್ಳಿಗಳಲ್ಲಿ ಕಾಮಾಲೆಗೆ ಅರೆದು ಕುಡಿಸುವ ನೆಲನೆಲ್ಲಿಯ ಆಂಟಿಆಕ್ಸಿಡೆಂಟ್ ಗುಣವನ್ನು ಪರೀಕ್ಷಿಸಲು ಹೊರಟರು. ಗಿಡ ತಂದುಕೊಟ್ಟವಳು ಅಕ್ಕ. ಬದುವಿನ ಮೇಲೆ ಬೆಳೆದದ್ದನ್ನು ಕಿತ್ತು, ನೆರಳಲ್ಲಿ ಒಣಗಿಸಿ, ಚೀಲದಲ್ಲಿ ತುಂಬಿಕೊಂಡು ಮಸ್ಕಿ ಮೇಲೆ ಹಾಯುವ ಬಸ್ಸಿಗೆ ಬಂದಳು. ಪುಡಿಯನ್ನು ನೆನೆಸಿ ಸೋಸಿದ ಸಾರವನ್ನು, ಆ ಗುಣವಿದ್ದರೆ ಬಣ್ಣ ಕಳೆದುಕೊಳ್ಳುವ ನೇರಳೆ ದ್ರಾವಣಕ್ಕೆ ಹಾಕುವಾಗ ಪಕ್ಕದಲ್ಲೇ ನಿಂತಿದ್ದಳು. ನೇರಳೆ ನೋಡುನೋಡುತ್ತ ತಿಳಿಯಾಗಿ ಹಳದಿಗೆ ತಿರುಗಿತು. ಅವಳ ಮುಖ ಅರಳಿತು.

"ನನ್ನ ಮೈಯಾಗೂ ಹಿಂಗ ಮಾಡತೈತೇನ ಇದು?"

"ಇಲ್ಲಕ್ಕ. ಇದು ಗಾಜಿನ ನಳಗ್ಯಾಗ ಆಗೂದು. ಮೈಯಾಗ ಏನಾಗತೈತಿ ಅಂತ ಇದರಿಂದ ಹೇಳಾಕ ಬರಂಗಿಲ್ಲ. ನೀ ಗುಳಗಿ ಮಾತ್ರ ಬಿಡಬ್ಯಾಡ."

"ಬಿಡಂಗಿಲ್ಲ ತಗೋ," ಎಂದು ನಕ್ಕಳು.

ಸುಗ್ಗಿ ಮುಗಿದ ಮೇಲೆ ತುರ್ವಿಹಾಳಕ್ಕೆ ಹೋದೆ. ಅಕ್ಕ ಪಡಸಾಲೆಯ ಗೋಡೆಗೆ ಆತು ಕುಳಿತಿದ್ದಳು. ಕಣ್ಣು ಹಳದಿ, ಹೊಟ್ಟೆ ಉಬ್ಬಿತ್ತು. ನಾನು ಅಕ್ಕನ ಗಂಡ, ನಮ್ಮ ಮಾವನತ್ತ ನೋಡಿದೆ.

"ಗುಳಗಿ ಬಿಟ್ಟು ಭಾಳ ದಿನ ಆತವ್ವ," ಎಂದರು ಅವರು. "ನೆಲನೆಲ್ಲಿ ರಸ ಕುಡಿಯಾಕತ್ಯಾಳ. ನೀನ ತೋರಿಸಿದೆಂತಲ್ಲ?"

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. "ಯಾಕ ಬಿಟ್ಟಿ ಅಕ್ಕ? ಅಷ್ಟು ಹೇಳಿದ್ದೆ!"

ಅವಳು ದನಿ ತಗ್ಗಿಸಿದಳು. "ಗುಳಗಿ ನುಂಗೂ ತನಕ ನಾ ಬ್ಯಾನ್ಯಾಕೀನ. ಅದನ್ನ ಬಿಟ್ಟು ಗಿಡದ ರಸ ಕುಡ್ಯಾಕ ಹತ್ತಿದ ಮ್ಯಾಲ ಅತ್ತಿ ನನ್ನ ಬಾಜೂಕ ಕೂತು ಉಂಡಾಳ. ತಾನ ಅರದು ಕೊಡತಾಳ ದಿನಾ."

ಅಡುಗೆಮನೆಯಿಂದ ಒರಳಿನ ಸದ್ದು ಬರುತ್ತಿತ್ತು. ಆ ಮುದುಕಿ ಸೊಸೆ ಉಳಿಯಲೆಂದೇ ಅರೆಯುತ್ತಿದ್ದಳು. ಅವಳಿಗೆ ಬಯ್ಯಲು ನನಗೆ ಬಾಯಿ ಬರಲಿಲ್ಲ.

ಜೀಪು ಮಾಡಿಕೊಂಡು ರಾಯಚೂರಿಗೆ ಒಯ್ದೆವು. ಗುಳಿಗೆ ಒಮ್ಮೆಲೇ ನಿಂತದ್ದರಿಂದ ರೋಗ ಮತ್ತೆ ಕೆರಳಿದೆ ಎಂದರು ಡಾಕ್ಟರು. ಮತ್ತೆ ಶುರು ಮಾಡಿದರು, ಆದರೆ ಲಿವರಿನಲ್ಲಿ ಏನೂ ಉಳಿದಿರಲಿಲ್ಲ. ಅದರ ನಂಜು ತಲೆಗೇರಿ ಮೊದಲು ಊರಿನ ಹೆಸರು ಮರೆತಳು, ಆಮೇಲೆ ನನ್ನನ್ನು. ನನ್ನ ಕೈಯನ್ನು ಯಾರದೋ ಕೈ ಎಂಬಂತೆ ತಳ್ಳಿದಳು. ಆ ವಾರದಲ್ಲೇ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಅವ್ವ ಕೇಳಿದಳು: "ಖರೇನ ಆ ಗಿಡದಾಗ ಏನೂ ಇಲ್ಲೇನ?"

"ಐತಿ ಯವ್ವಾ. ಅಕ್ಕಗ ಬೇಕಾಗಿದ್ದು ಅದರಾಗ ಇದ್ದಿಲ್ಲ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ದಿನಕರ್ಮ ಮುಗಿಯುತ್ತಲೇ ಮಾವನನ್ನೂ ಮಕ್ಕಳನ್ನೂ ಕರೆದುಕೊಂಡು ಪರೀಕ್ಷೆಗೆ ಹೋದೆ. ಮಾವನಿಗೂ ದೊಡ್ಡವನಿಗೂ ಏನೂ ಇರಲಿಲ್ಲ. ಚಿಕ್ಕವಳ ರಕ್ತದಲ್ಲಿ ಅದೇ ಇತ್ತು. ಸದ್ಯಕ್ಕೆ ಔಷಧ ಬೇಡ, ಆಗಾಗ ಕರೆತಂದು ತೋರಿಸುತ್ತಿರಬೇಕು ಎಂದರು. ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮಗಳ ಕೈಯನ್ನು ನನ್ನ ಕೈಗಿಟ್ಟರು.

"ಇಕೀನ್ನ ನಿನ್ನ ಹತ್ರನ ಇಟಗೋ ತಂಗಿ. ನನ್ನ ಕೈಲಿ ಆಗಂಗಿಲ್ಲ."

ಈಗ ಅವಳು ಲಿಂಗಸುಗೂರಿನಲ್ಲಿ ನನ್ನೊಂದಿಗಿದ್ದು ಶಾಲೆಗೆ ಹೋಗುತ್ತಾಳೆ. ತಪಾಸಣೆಗೆ ಹೊರಟಾಗಲೆಲ್ಲ, "ನನಗೇನಾಗೇತಿ ಚಿಗವ್ವ?" ಎನ್ನುತ್ತಾಳೆ. ಸ್ವಲ್ಪ ಸ್ವಲ್ಪವಾಗಿ ಹೇಳುತ್ತಿದ್ದೇನೆ.